ಹೊಸ ವಿಂಡೋಸ್ ಹಾಕಿಸುವ ಮುಂಚೆ: ಬಳ್ಳಾರಿ ಸೀಮೆಯ ಕಂಪ್ಯೂಟರ್‌ಗಳ ಹಳೆಯ ಕಥೆ

ಸಿರುಗುಪ್ಪ ಬಸ್ ನಿಲ್ದಾಣದ ಹತ್ತಿರ ನಮಗೆ ಗೊತ್ತಿರುವ ಒಂದು ಡಿ.ಟಿ.ಪಿ. ಅಂಗಡಿ ಇದೆ. ಮದುವೆ ಕಾರ್ಡು, ಜಾತ್ರೆ ಕರಪತ್ರ, ಸೊಸೈಟಿ ನೋಟಿಸು, ತಹಶೀಲ್ದಾರರಿಗೆ ಕೊಡುವ ಅರ್ಜಿ ಎಲ್ಲವೂ ಅಲ್ಲೇ ಟೈಪ್ ಆಗುತ್ತವೆ. ಮೊನ್ನೆ ಹೋದಾಗ ಅಂಗಡಿ ಅಣ್ಣ ಪರದೆಯ ಮೇಲೆ ಬಂದಿದ್ದ ನೀಲಿ ಪಟ್ಟಿ ತೋರಿಸಿದರು. ವಿಂಡೋಸ್ 10ರ ಬೆಂಬಲ ಮುಗಿದಿದೆ, ವಿಂಡೋಸ್ 11ಕ್ಕೆ ಹೋಗಿ ಎಂಬ ಸೂಚನೆ ಅದು.

"ಒತ್ತಿಬಿಡ್ಲಾ ತಮ್ಮಾ? ಒತ್ತಿದ್ರೆ ಏನೂ ಹೋಗಲ್ಲ ತಾನೆ?"

"ಅಣ್ಣ, ಇವತ್ತು ಒತ್ತಬೇಡಿ" ಅಂದೆವು. "ಮೊದಲು ಒಳಗೆ ಏನೇನೈತೆ ನೋಡಣ."

ನೋಡಿದೆವು. ಹದಿನೈದು ವರ್ಷದ ಫೈಲುಗಳು. ಮೂರು ನಾಲ್ಕು ಹಳ್ಳಿಗಳ ಶಾಲಾ ವಾರ್ಷಿಕೋತ್ಸವದ ಪುಸ್ತಿಕೆಗಳು, ಒಂದು ಮಠದ ಚರಿತ್ರೆ, ತೀರಿಹೋದವರ ನುಡಿನಮನಗಳು, ಒಬ್ಬ ನಿವೃತ್ತ ಮೇಷ್ಟ್ರು ಬರೆದ ಊರಿನ ಇತಿಹಾಸ. ಮೇಷ್ಟ್ರ ಕೈಬರಹದ ನೋಟ್‌ಬುಕ್ಕು ಈಗ ಅವರ ಮನೆಯಲ್ಲೂ ಇಲ್ಲವಂತೆ. ಆ ಕಂಪ್ಯೂಟರಿನಲ್ಲಿ ಇರುವುದೇ ಕೊನೆಯ ಪ್ರತಿ.

ನಾವು ಯಾಕೆ ಬೇಡ ಅಂದೆವು ಎನ್ನುವುದಕ್ಕೆ ಒಂದು ಹಳೆಯ ಗಾಯ ಇದೆ. ಅದನ್ನು ಹೇಳುವ ಮುಂಚೆ, ನಮ್ಮ ಭಾಗದಲ್ಲಿ ಕನ್ನಡದ ಕೆಲಸ ಯಂತ್ರದಿಂದ ಯಂತ್ರಕ್ಕೆ ಹೇಗೆ ಸಾಗಿ ಬಂತು ಅನ್ನುವುದನ್ನು ಸ್ವಲ್ಪ ಹಿಂದಿನಿಂದ ನೋಡೋಣ. ಈ ಕಥೆ ಗೊತ್ತಿದ್ದರೆ ಈ ಸಲದ ತಯಾರಿ ತಾನಾಗಿಯೇ ಅರ್ಥವಾಗುತ್ತದೆ.

ಕಾಗದಪತ್ರ ವಲಸೆ ಹೋಗುವುದು ನಮಗೆ ಹೊಸದಲ್ಲ

ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದ ಆ ದಿನ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮೊದಲಾದವು ಮೈಸೂರು ರಾಜ್ಯಕ್ಕೆ ಬಂದವು. ಜನ ಇದ್ದಲ್ಲೇ ಇದ್ದರು, ಹೊಲ ಇದ್ದಲ್ಲೇ ಇತ್ತು, ಆಡಳಿತ ಬದಲಾಯಿತು. ಕರಣಂ ಬರೆಯುತ್ತಿದ್ದ ಮದ್ರಾಸ್ ಕಾಲದ ಅಡಂಗಲ್, ಪಟ್ಟಾ ಹೋಗಿ ಮುಂದೆ ಪಹಣಿ ಬಂತು. ಹಳೆಯ ಕಾಗದವನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ ಮನೆಯವರಿಗೆ ಆಮೇಲಿನ ತಕರಾರುಗಳಲ್ಲಿ ಒಂದು ಆಧಾರ ಇತ್ತು. ಮಾಡದವರು ಬೇರೆಯವರ ಮಾತನ್ನು ನಂಬಬೇಕಾಯಿತು.

ಕಂಪ್ಯೂಟರಿನ ವಿಷಯವೂ ಹೀಗೆಯೇ. ಡಬ್ಬಿ ಅದೇ ಮೇಜಿನ ಮೇಲೆ ಇರುತ್ತದೆ. ಒಳಗಿನ ಆಡಳಿತ ಬದಲಾಗುತ್ತದೆ. ಆ ಒಳಗಿನ ಆಡಳಿತಕ್ಕೆ ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರೆ. ನಮ್ಮ ಊರುಗಳಲ್ಲಿ ಹೆಚ್ಚಾಗಿ ಅದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್.

ಮೊಳೆಯಿಂದ ಫ್ಲಾಪಿಗೆ

ಬಳ್ಳಾರಿಯ ಹಳೆಯ ಪ್ರೆಸ್ಸುಗಳಲ್ಲಿ ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಕಚೇರಿಗಳಲ್ಲಿ ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯ ಕನ್ನಡ ಬೆರಳಚ್ಚು ಯಂತ್ರಗಳಿದ್ದವು. ಕಂಪ್ಯೂಟರಿಗೆ ಭಾರತದ ಲಿಪಿಗಳನ್ನು ಕಲಿಸಿದ ಮೊದಲ ದೊಡ್ಡ ಪ್ರಯತ್ನ 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ನಡೆಯಿತು. ಅದು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಜಿಸ್ಟ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಡಾಸ್ ಕಾಲದಲ್ಲಿ ಕಂಪ್ಯೂಟರಿನ ಒಳಗೆ ಒಂದು ಕಾರ್ಡು ಸಿಕ್ಕಿಸಿದರೆ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಕಾರ್ಡು ತೆಗೆದರೆ ಕನ್ನಡವೂ ಹೋಗುತ್ತಿತ್ತು.

ವ್ಯಾಪಾರಸ್ಥರಿಗೆ ಅಕ್ಷರಕ್ಕಿಂತ ಅಂಕಿ ಮುಖ್ಯ. 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿಯ ಟ್ಯಾಲಿ ತಂತ್ರಾಂಶ 1990ರ ದಶಕದಲ್ಲಿ ಡಾಸ್‌ನ ಕಪ್ಪು ಪರದೆಯಲ್ಲಿ ಓಡುತ್ತಿತ್ತು. ಭತ್ತದ ಸೀಮೆಯಾದ ಸಿರುಗುಪ್ಪದಲ್ಲೂ ರೈಸ್ ಮಿಲ್ಲು, ದಲಾಲಿ ಅಂಗಡಿಗಳ ಲೆಕ್ಕ ಕೆಂಪು ಬಟ್ಟೆಯ ಖಾತೆ ಪುಸ್ತಕ ಬಿಟ್ಟು ನಿಧಾನಕ್ಕೆ ಫ್ಲಾಪಿಗೆ ಇಳಿಯಿತು. ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು 1.44 ಎಂ.ಬಿ. ಇವತ್ತು ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋಕ್ಕೂ ಅದು ಸಾಲದು.

ವಿಂಡೋಸ್ 95 ಬಂದದ್ದು 1995ರ ಆಗಸ್ಟ್ 24ರಂದು. ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶ, ಅದರ ಜೊತೆಗೆ ಶ್ರೀಲಿಪಿ, ಪ್ರಕಾಶಕ್, ಆಕೃತಿ ಎಂಬ ಕನ್ನಡ ಅಕ್ಷರಗಳು ಕರ್ನಾಟಕದ ಅಂಗಡಿಗಳಿಗೆ ಬಂದವು. ಬಳ್ಳಾರಿಯಲ್ಲಿ ಕನ್ನಡದ ಜೊತೆ ತೆಲುಗು ಕೆಲಸವೂ ಬರುವುದರಿಂದ ತೆಲುಗಿನ ಅನು ಅಕ್ಷರಗಳೂ ಬಂದವು. ಒಂದೇ ಮದುವೆ ಕಾರ್ಡು, ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು.

ಟೊಪ್ಪಿಗೆ ಹಾಕಿದ ಇಂಗ್ಲಿಷ್

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಇಡೀ ಕಥೆಯ ಬೇರು ಇದೇ.

ಆ ಕಾಲದ ಯಂತ್ರಗಳಿಗೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತಿತ್ತು. ಹಾಗಾಗಿ ನಮ್ಮವರು ಒಂದು ಉಪಾಯ ಮಾಡಿದರು. ಯಂತ್ರದ ಒಳಗೆ ಇಂಗ್ಲಿಷ್ ಸಂಕೇತವನ್ನೇ ಇಟ್ಟು, ಮೇಲಿನ ಫಾಂಟಿನಲ್ಲಿ ಮಾತ್ರ ಕನ್ನಡದ ಚಿತ್ರ ಬರೆದರು. ನುಡಿ ಫಾಂಟಿನಲ್ಲಿ ನಮಗೆ ಕಾಣುವ ‘ಕ’ ಯಂತ್ರದ ಒಳಗೆ ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ತಲೆ ಮೇಲೆ ಗೀಟು ಇರುವ ‘ಎ’ ಆಗಿರುತ್ತದೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಟೊಪ್ಪಿಗೆ, ಚುಕ್ಕೆ, ಗೀಟು ಹೊತ್ತ ಇಂಗ್ಲಿಷಿನ ಕಸ. ನಿಮಗೆ ಯಾರಾದರೂ ಹಳೆಯ ಫೈಲು ವಾಟ್ಸಾಪ್ ಮಾಡಿದಾಗ ಫೋನಿನಲ್ಲಿ ಹೀಗೆ ಕಂಡಿದ್ದರೆ, ಕಾರಣ ಇದೇ. ಫೈಲು ಕೆಟ್ಟಿಲ್ಲ, ಅದರ ಬಟ್ಟೆ ಮಾತ್ರ ಬೇರೆ ಕಡೆ ಉಳಿದಿದೆ.

ಒಂದೊಂದು ಕಂಪನಿಯೂ ಒಂದೊಂದು ರೀತಿ ಸಂಕೇತ ಕೊಟ್ಟಿತ್ತು. ಶ್ರೀಲಿಪಿಯಲ್ಲಿ ಬರೆದದ್ದು ಆಕೃತಿಯಲ್ಲಿ ಓದಲು ಬರುತ್ತಿರಲಿಲ್ಲ. ಈ ಗೊಂದಲ ತಪ್ಪಿಸಲು 2000ದ ಹೊತ್ತಿಗೆ ಕರ್ನಾಟಕ ಸರ್ಕಾರ ಕೀಲಿಮಣೆಗೂ ಅಕ್ಷರ ಸಂಕೇತಕ್ಕೂ ಒಂದು ಶಿಷ್ಟತೆ ತಂದಿತು. ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ಕೂರುತ್ತದೆ, ಒತ್ತಕ್ಷರಕ್ಕೆ ‘ಎಫ್’ ಒತ್ತಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವನ್ನು ಸರ್ಕಾರ ಉಚಿತವಾಗಿ ಹಂಚಿತು. ಅದಕ್ಕೂ ಮುಂಚೆ, 1998ರಲ್ಲಿ, ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂದಿತ್ತು. ಈ ಎರಡು ಇಲ್ಲದಿದ್ದರೆ ಹೋಬಳಿ ಮಟ್ಟದ ಅಂಗಡಿಗಳಲ್ಲಿ ಇಷ್ಟು ಕನ್ನಡ ಟೈಪ್ ಆಗುತ್ತಲೇ ಇರಲಿಲ್ಲ. ನಮ್ಮ ಸ್ನೇಹಿತರಲ್ಲಿ ಎಷ್ಟೋ ಮಂದಿ ಹೊಟ್ಟೆಪಾಡು ಕಂಡುಕೊಂಡದ್ದು ‘ನುಡಿ ಟೈಪಿಂಗ್’ ಎಂಬ ಎರಡು ಪದಗಳಿಂದ.

ಆದರೆ ನುಡಿಯ ಆ ಫೈಲುಗಳೂ ಒಳಗೆ ಇಂಗ್ಲಿಷ್ ಸಂಕೇತಗಳೇ. ಜಗತ್ತಿನ ಎಲ್ಲ ಲಿಪಿಗೂ ಪ್ರತ್ಯೇಕ ಸ್ಥಾನ ಕೊಡುವ ಯೂನಿಕೋಡ್ ಪದ್ಧತಿ 1991ರಲ್ಲೇ ಬಂದು, ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿ ಸಿಕ್ಕಿತ್ತು. ಆ ಓಣಿ ನಮ್ಮ ಅಂಗಡಿಗಳಿಗೆ ತಲುಪಲು ಇನ್ನೂ ಬಹಳ ವರ್ಷ ಬೇಕಾಯಿತು.

ಸರಿಯಾಗಿ ನಡೆದ ಒಂದು ಬದಲಾವಣೆ

ಬದಲಾವಣೆಗೆ ಹೇಗೆ ತಯಾರಾಗಬೇಕು ಎನ್ನುವುದಕ್ಕೆ ನಮ್ಮ ಕಣ್ಣ ಮುಂದೆಯೇ ಎರಡು ಪಾಠ ಇವೆ.

ಒಂದು, 1999ರ ಡಿಸೆಂಬರ್ 31. ಹಳೆಯ ತಂತ್ರಾಂಶಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದರು. 2000 ಬಂದಾಗ ಯಂತ್ರಕ್ಕೆ ಅದು 1900 ಎಂದು ಕಂಡರೆ ಬಡ್ಡಿ ಲೆಕ್ಕ, ಪಿಂಚಣಿ ಎಲ್ಲ ಅಡಿಮೇಲು. ಜಗತ್ತಿನಾದ್ಯಂತ ವರ್ಷಗಟ್ಟಲೆ ತಿದ್ದುಪಡಿ ನಡೆಯಿತು. ಆ ರಾತ್ರಿ ದೊಡ್ಡ ಅನಾಹುತ ಆಗಲಿಲ್ಲ. ‘ಸುಮ್ಮನೆ ಹೆದರಿಸಿದರು’ ಎಂದು ಆಡಿಕೊಂಡವರೇ ಹೆಚ್ಚು. ಮುಂಚೆ ಕೆಲಸ ಮಾಡಿದ್ದರಿಂದಲೇ ಅನಾಹುತ ಆಗಲಿಲ್ಲ ಎಂದು ಹೇಳಿದವರು ಕಡಿಮೆ.

ಎರಡು, ಭೂಮಿ ಯೋಜನೆ. ಕರ್ನಾಟಕದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕೆಲಸ ಅದು. ಸಿರುಗುಪ್ಪದ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಕಂಪ್ಯೂಟರ್ ಪಹಣಿ ಪಡೆದದ್ದು ನಮ್ಮ ಅಪ್ಪಂದಿರಿಗೆ ಇನ್ನೂ ನೆನಪಿದೆ. ಆ ಕೆಲಸದ ಕ್ರಮ ಗಮನಿಸಿ. ಮೊದಲು ಕೈಬರಹದ ಪಹಣಿಯನ್ನು ಟೈಪ್ ಮಾಡಿದರು. ಆಮೇಲೆ ಅದನ್ನು ಮುದ್ರಿಸಿ ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು ಹಳೆಯದರ ಜೊತೆ ತಾಳೆ ನೋಡಿಸಿದರು. ತಪ್ಪು ತಿದ್ದಿದರು. ಎಲ್ಲ ಮುಗಿದ ಮೇಲಷ್ಟೇ ಆ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ನಿಲ್ಲಿಸಿದರು. ಹಾಗೆ ಮಾಡಿದ್ದರೂ ಹೆಸರು ತಪ್ಪು, ಎಕರೆ ತಪ್ಪು ಎಂದು ಅರ್ಜಿ ಹಿಡಿದು ಅಲೆದ ರೈತರು ನಮ್ಮ ಊರುಗಳಲ್ಲಿ ಇದ್ದಾರೆ. ತಾಳೆ ನೋಡದೇ ಹಳೆಯದನ್ನು ಕೈಬಿಟ್ಟಿದ್ದರೆ ಗತಿ ಏನಾಗುತ್ತಿತ್ತು ಎಂದು ಯೋಚಿಸಿ.

ಹಳೆಯದು, ಹೊಸದು ಸ್ವಲ್ಪ ದಿನ ಪಕ್ಕಪಕ್ಕ ಇರಬೇಕು. ತಾಳೆ ನೋಡಬೇಕು. ಆಮೇಲೆ ಹಳೆಯದನ್ನು ಬಿಡಬೇಕು. ಇದೇ ಪಾಠ.

ಎಕ್ಸ್‌ಪಿ ಹೋದ ಬೇಸಿಗೆ

ವಿಂಡೋಸ್ ಎಕ್ಸ್‌ಪಿ 2001ರ ಅಕ್ಟೋಬರ್ 25ರಂದು ಬಂತು. ವಿಂಡೋಸ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು ಅದರಲ್ಲೇ. ತುಂಗಾ ಎಂಬ ಕನ್ನಡ ಫಾಂಟ್ ಅದರ ಜೊತೆಗೇ ಬಂತು. ಹೊಳೆಯ ಹೆಸರಿನ ಫಾಂಟ್, ತುಂಗಭದ್ರೆಯ ದಂಡೆಯ ನಮಗೆ ಖುಷಿ ಕೊಡಬೇಕಾದ ಸಂಗತಿ. ಆದರೆ ಕನ್ನಡದ ಸೌಲಭ್ಯ ತಾನಾಗಿ ಚಾಲೂ ಆಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಿ, ಎಕ್ಸ್‌ಪಿ ಸಿ.ಡಿ. ಹಾಕಬೇಕಿತ್ತು. ಸಿ.ಡಿ. ಇಲ್ಲದ ಅಂಗಡಿಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು. ಜೊತೆಗೆ ವಿಂಡೋಸ್ ಕೊಟ್ಟ ಕೀಲಿಮಣೆ ಇನ್‌ಸ್ಕ್ರಿಪ್ಟ್. ನಮ್ಮ ಹುಡುಗರ ಬೆರಳಿಗೆ ಕೂತದ್ದು ನುಡಿಯ ಕೀಲಿಮಣೆ. ‘ಯೂನಿಕೋಡ್ ಸರಿ ಇಲ್ಲ’ ಎಂಬ ಮಾತು ಹುಟ್ಟಿ, ಎಲ್ಲರೂ ಹಳೆಯ ನುಡಿ ಫಾಂಟಿನಲ್ಲೇ ಉಳಿದರು.

ಹೀಗೆ ಹನ್ನೆರಡು ವರ್ಷ ಕಳೆಯಿತು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಬೆಂಬಲ ನಿಲ್ಲುವುದು ಅಂದರೆ ಕಂಪ್ಯೂಟರ್ ನಿಲ್ಲುವುದಲ್ಲ. ಕಳ್ಳರು ನುಗ್ಗುವ ಹೊಸ ಕಿಂಡಿ ಕಂಡರೆ ಅದನ್ನು ಮುಚ್ಚಲು ಕಂಪನಿಯವರು ಇನ್ನು ಬರುವುದಿಲ್ಲ ಎಂದರ್ಥ.

ನಮ್ಮ ಗಾಯದ ಕಥೆ ಇಲ್ಲಿಯದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದಾಗ ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೂ ನೀರು ನುಗ್ಗಿತ್ತು. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ನಾವು ಅಂಥ ಒಂದು ಊರಿಗೆ ಹೋಗಿ, ಹಿರಿಯರ ಹತ್ತಿರ ಕೂತು ಆ ರಾತ್ರಿಯ ಮಾತುಗಳನ್ನು ಬರೆದುಕೊಂಡಿದ್ದೆವು. ಯಾರ ಮನೆ ಯಾವಾಗ ಬಿತ್ತು, ದನ ಎಲ್ಲಿಗೆ ಹೊಡೆದರು, ಯಾರು ಯಾರನ್ನು ಹೊತ್ತು ತಂದರು ಎಲ್ಲವೂ ಅದರಲ್ಲಿತ್ತು. ನುಡಿಯಲ್ಲಿ 41 ಪುಟ ಆಯಿತು. ಬಳ್ಳಾರಿಯಲ್ಲಿ ನಾವು ದಿನಾ ಕೂರುತ್ತಿದ್ದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಅದನ್ನು ಇಟ್ಟಿದ್ದೆವು. 2014ರ ಬೇಸಿಗೆಯಲ್ಲಿ ಅಲ್ಲಿ ಎಕ್ಸ್‌ಪಿ ತೆಗೆದು ವಿಂಡೋಸ್ 7 ಹಾಕಿದರು. ಒಂದು ಮಾತು ಕೇಳಲಿಲ್ಲ. ನಾವು ಹೋದಾಗ ಡೆಸ್ಕ್‌ಟಾಪ್ ಖಾಲಿ, ಮೈ ಡಾಕ್ಯುಮೆಂಟ್ಸ್ ಖಾಲಿ.

"ಫಾರ್ಮ್ಯಾಟ್ ಮಾಡ್ಬೇಕಾಯ್ತು" ಅಂದರು. ಅಷ್ಟೇ.

ಆಮೇಲೆ ತಿಳಿದದ್ದು: ಎಕ್ಸ್‌ಪಿಯಿಂದ ವಿಂಡೋಸ್ 7ಕ್ಕೆ ಫೈಲು, ತಂತ್ರಾಂಶಗಳನ್ನು ಹಾಗೇ ಉಳಿಸಿಕೊಂಡು ಏರುವ ದಾರಿಯೇ ಇರಲಿಲ್ಲ. ಹೊಸದಾಗಿಯೇ ಹಾಕಬೇಕಿತ್ತು. ಅಂದರೆ ಆ ಬೇಸಿಗೆಯಲ್ಲಿ ಹಳೆಯದನ್ನು ಮೊದಲೇ ಪ್ರತಿ ಮಾಡಿಕೊಳ್ಳದ ಪ್ರತಿಯೊಂದು ಅಂಗಡಿಯೂ ಅಪಾಯದಲ್ಲಿತ್ತು. ನಮ್ಮ ತಪ್ಪೂ ಇದೆ. 41 ಪುಟಕ್ಕೆ ಒಂದು ಪೆನ್‌ಡ್ರೈವ್ ಸಾಕಿತ್ತು. ಮೇಷ್ಟ್ರಿಗೆ ತೋರಿಸಲು ಮುದ್ರಿಸಿದ್ದ 11 ಪುಟ ಉಳಿದಿವೆ. ಉಳಿದ 30 ಪುಟದಲ್ಲಿ ಮಾತಾಡಿದ್ದ ಹಿರಿಯರಲ್ಲಿ ಹೆಚ್ಚಿನವರು ಈಗ ಇಲ್ಲ.

ಹೆಸರು ಬದಲಾದಾಗ ಬಯಲಾದದ್ದು

ಅದೇ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ನಮ್ಮ ಊರು ‘ಬೆಳ್ಳಾರಿ’ ಹೋಗಿ ‘ಬಳ್ಳಾರಿ’ ಆಯಿತು. 2017ರ ಬಜೆಟ್ಟಿನಲ್ಲಿ ಕುರುಗೋಡು ಹೊಸ ತಾಲ್ಲೂಕುಗಳ ಪಟ್ಟಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಬಳ್ಳಾರಿ ಜಿಲ್ಲೆಯಲ್ಲಿ ಐದು ತಾಲ್ಲೂಕು ಉಳಿದವು. ಪ್ರತಿ ಸಲವೂ ಲೆಟರ್‌ಹೆಡ್, ರಸೀದಿ ಪುಸ್ತಕ, ಸಂಘದ ಬೈಲಾ, ಶಾಲೆಯ ನಮೂನೆ ಎಲ್ಲ ತಿದ್ದಬೇಕಾಯಿತು.

ಕುರುಗೋಡಿನ ಡಿ.ಟಿ.ಪಿ. ಅಕ್ಕ ಒಬ್ಬರು ಹೇಳಿದರು: "‘ಬಳ್ಳಾರಿ ತಾಲ್ಲೂಕು’ ಅನ್ನೋದನ್ನ ‘ಕುರುಗೋಡು ತಾಲ್ಲೂಕು’ ಮಾಡ್ಬೇಕಂತ ಹಳೇ ಫೈಲ್ ತೆಗೆದ್ರೆ ಅರ್ಧ ತೆಗೀಲೇ ಇಲ್ಲ ನೋಡ್ರಿ. ಪೇಜ್‌ಮೇಕರ್ ಹೋಗಿತ್ತು, ಫಾಂಟ್ ಹೋಗಿತ್ತು. ದೊಡ್ಡಬಸವೇಶ್ವರ ಜಾತ್ರೆ ಕರಪತ್ರ ಮತ್ತೆ ಮೊದಲಿಂದ ಹೊಡೆದೆ."

ಅವರು ಮತ್ತೆ ಹೊಡೆದರು, ಏಕೆಂದರೆ ಹಳೆಯ ಕರಪತ್ರದ ಒಂದು ಕಾಗದ ಗೋಡೆಗೆ ಅಂಟಿಸಿತ್ತು. ಕುರುಗೋಡಿನಲ್ಲಿ 12ನೇ ಶತಮಾನದ ಸಿಂದರ ಕಾಲದ ಕಲ್ಲಿನ ಶಾಸನಗಳು ಇವತ್ತಿಗೂ ಓದಲು ಸಿಗುತ್ತವೆ. ಹತ್ತು ವರ್ಷದ ಹಿಂದಿನ ಕರಪತ್ರ ಓದಲು ಸಿಗಲಿಲ್ಲ. ಇದರಲ್ಲಿ ನಗುವುದೂ ಇದೆ, ಯೋಚಿಸುವುದೂ ಇದೆ.

ಬದಲಾಗದೇ ಕೂತರೂ ಅಪಾಯ

‘ಹಾಗಾದರೆ ಬದಲಾಯಿಸುವುದೇ ಬೇಡ’ ಅನ್ನಬಹುದು. 2017ರ ಮೇ 12ರಂದು ಅದಕ್ಕೂ ಉತ್ತರ ಸಿಕ್ಕಿತು. ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ಒದ್ದಾಡಿದವು. ನಮ್ಮ ಪಕ್ಕದ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರುಗಳಿಗೂ ತಗುಲಿತು. ಕಿಂಡಿ ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮುಂಚೆಯೇ ಕೊಟ್ಟಿತ್ತು. ಹಾಕಿಕೊಳ್ಳದವರು, ಬೆಂಬಲ ಮುಗಿದ ಹಳೆಯದರಲ್ಲಿ ಉಳಿದವರು ಸಿಕ್ಕಿಕೊಂಡರು.

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ 7ರಿಂದ ನೇರವಾಗಿ ಏರಬಹುದಿತ್ತು, ಫೈಲು ಉಳಿಯುತ್ತಿದ್ದವು. ಅದರಿಂದ ನಮ್ಮವರಿಗೆ ಒಂದು ಧೈರ್ಯ ಬಂತು: ‘ಒತ್ತಿದರೆ ಆಯಿತು, ಏನೂ ಹೋಗಲ್ಲ’. ಈಗ ಆ ಧೈರ್ಯವೇ ಕೈ ಕೊಡಬಹುದು.

ಈ ಸಲ ಏನು ಬೇರೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ರ್‍ಯಾಮ್, 64 ಜಿ.ಬಿ. ಜಾಗ, ಟಿಪಿಎಂ 2.0 ಎಂಬ ಭದ್ರತಾ ಭಾಗ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶ ಹಾಕಿದರೆ ನಿಮ್ಮ ಕಂಪ್ಯೂಟರಿಗೆ ಆಗುತ್ತದೋ ಇಲ್ಲವೋ ಅದೇ ಹೇಳುತ್ತದೆ.

ಮುಖ್ಯವಾದ ಸಂಗತಿ ಇನ್ನೊಂದಿದೆ. ವಿಂಡೋಸ್ 11 ಬರುವುದು 64-ಬಿಟ್‌ನಲ್ಲಿ ಮಾತ್ರ. ಕಡಿಮೆ ರ್‍ಯಾಮ್ ಇರುವ, ಹಳೆಯ ಪ್ರಿಂಟರ್ ಜೋಡಿಸಿದ ಅಂಗಡಿ ಕಂಪ್ಯೂಟರುಗಳಲ್ಲಿ 32-ಬಿಟ್‌ನ ವಿಂಡೋಸ್ 10 ಇರುವುದುಂಟು. ಅದರಿಂದ 11ಕ್ಕೆ ನೇರ ದಾರಿ ಇಲ್ಲ. ಎಲ್ಲ ತೆಗೆದು ಹೊಸದಾಗಿ ಹಾಕಬೇಕು. ಅಂದರೆ 2014ರ ಬೇಸಿಗೆ ಮತ್ತೆ ಬಂದಂತೆ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿ ಹೋದರೆ ನಿಮ್ಮದು 32 ಅಥವಾ 64 ಎಂಬುದು ಕಾಣುತ್ತದೆ. ಡಾಸ್ ಕಾಲದ 16-ಬಿಟ್ ಲೆಕ್ಕದ ತಂತ್ರಾಂಶವನ್ನು ಯಾರಾದರೂ ಇನ್ನೂ ಉಳಿಸಿಕೊಂಡಿದ್ದರೆ ಅದು 64-ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ. ಆ ಲೆಕ್ಕವನ್ನು ಮೊದಲೇ ಮುದ್ರಿಸಿಕೊಳ್ಳಿ.

ತಯಾರಿಗೆ ಸಮಯ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಮನೆಬಳಕೆಯ ವಿಂಡೋಸ್ 10 ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿ ಕೊಡುವುದಾಗಿ ಮೈಕ್ರೋಸಾಫ್ಟ್ ಘೋಷಿಸಿತು. 30 ಡಾಲರ್ ಕೊಡಬಹುದು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಚಾಲೂ ಮಾಡಿದರೆ ದುಡ್ಡಿಲ್ಲದೆ ಪಡೆಯಬಹುದು.

ಸಿರುಗುಪ್ಪದ ಅಂಗಡಿಯಲ್ಲಿ ನಾವು ಮಾಡಿದ್ದು

ಅಣ್ಣನ ಜೊತೆ ಎರಡು ದಿನ ಕೂತೆವು. ಮಾಡಿದ ಕೆಲಸ ಹೀಗಿದೆ. ನೀವೂ ಮಾಡಬಹುದು.

1. ಮೊದಲು ಫೈಲುಗಳು ಎಲ್ಲೆಲ್ಲಿವೆ ನೋಡಿದೆವು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮೂರೂ ಸಾಮಾನ್ಯವಾಗಿ ‘ಸಿ’ ಡ್ರೈವ್‌ನಲ್ಲೇ ಇರುತ್ತವೆ. ಫಾರ್ಮ್ಯಾಟ್ ಆದರೆ ಮೊದಲು ಹೋಗುವುದು ಇವೇ.

2. ಎಲ್ಲವನ್ನೂ ಎರಡು ಕಡೆ ಪ್ರತಿ ಮಾಡಿದೆವು. ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ, ಇನ್ನೊಂದು ಅವರ ಮನೆಯ ಲ್ಯಾಪ್‌ಟಾಪಿಗೆ. ಒಂದೇ ಕಂಪ್ಯೂಟರಿನ ‘ಡಿ’ ಡ್ರೈವ್‌ಗೆ ಹಾಕಿದರೆ ಅದು ಎರಡನೇ ಪ್ರತಿ ಅಲ್ಲ. ಡಿಸ್ಕ್ ಸುಟ್ಟರೆ ಎರಡೂ ಹೋಗುತ್ತವೆ.

3. ಪ್ರತಿ ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆವು. ಭೂಮಿ ಯೋಜನೆಯ ತಾಳೆ ಇದೇ. ತೆರೆದು ನೋಡದ ಬ್ಯಾಕಪ್ ಬರೀ ನಂಬಿಕೆ.

4. ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿ ಪ್ರತಿ ಮಾಡಿದೆವು. ನುಡಿ, ಬರಹ, ತೆಲುಗಿನ ಅನು ಎಲ್ಲ ಅಲ್ಲೇ ಇವೆ. ಫಾಂಟ್ ಬಿಟ್ಟು ಫೈಲು ತಂದರೆ ಬಟ್ಟೆ ಬಿಟ್ಟು ಬಂದ ಹಾಗೆ. ತುಂಗಾ ಫಾಂಟ್ ಕೂಡ ಹೊಸ ವಿಂಡೋಸ್‌ನಲ್ಲಿ ತಾನಾಗಿ ಬರದೇ ಇರಬಹುದು. ‘ಆಪ್ಷನಲ್ ಫೀಚರ್ಸ್’ ಎಂಬಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಸೇರಿಸಬೇಕಾಗುತ್ತದೆ.

5. ಮುಖ್ಯವಾದವನ್ನು ಹಳೆಯ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿದೆವು. ಪಿಡಿಎಫ್‌ಗೆ ಫಾಂಟ್ ಒಳಗೇ ಸೇರಿರುವುದರಿಂದ ಯಾವ ಫೋನಿನಲ್ಲಾದರೂ ಕನ್ನಡವಾಗಿಯೇ ಕಾಣುತ್ತದೆ.

6. ಮೇಷ್ಟ್ರ ಊರಿನ ಇತಿಹಾಸವನ್ನು ಯೂನಿಕೋಡ್‌ಗೆ ಬದಲಾಯಿಸಿದೆವು. ಬರಹ, ನುಡಿ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಅರ್ಕಾವೊತ್ತು ಇರುವ ಸೂರ್ಯ, ಕಾರ್ಯ, ವರ್ಷದಂಥ ಪದಗಳನ್ನು ನೋಡಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅವೂ ಅರ್ಥವಿಲ್ಲದ ಕನ್ನಡ ಆಗಿಬಿಡಬಹುದು. ಮೂಲ ಫೈಲನ್ನು ಅಳಿಸಬೇಡಿ.

7. ಟ್ಯಾಲಿಯ ಸೀರಿಯಲ್ ನಂಬರ್, ಪ್ರಿಂಟರ್ ಮಾಡೆಲ್, ಪಾಸ್‌ವರ್ಡುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಬಿಟ್‌ಲಾಕರ್ ಎಂಬ ಬೀಗ ಚಾಲೂ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನೂ ಬರೆದಿಡಿ. ಅದಿಲ್ಲದಿದ್ದರೆ ನಿಮ್ಮ ಫೈಲು ನಿಮಗೇ ಸಿಗುವುದಿಲ್ಲ. ಹಳೆಯ ಫಾಂಟ್ ತಂತ್ರಾಂಶದ ಲಾಕ್, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವಂಥದ್ದಾದರೆ, ಹೊಸ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

8. ಯು.ಪಿ.ಎಸ್. ಬ್ಯಾಟರಿ ಪರೀಕ್ಷಿಸಿದೆವು. ಕುಡತಿನಿಯಲ್ಲಿ ಕರೆಂಟು ಉತ್ಪಾದಿಸುವ ಸ್ಥಾವರ ಇದ್ದರೂ ನಮ್ಮ ಊರಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಅಪ್‌ಡೇಟ್ ಅರ್ಧದಲ್ಲಿ ನಿಂತರೆ ಕಂಪ್ಯೂಟರ್ ಮೇಲೇಳದೇ ಇರಬಹುದು. ಕೆಲವು ಜಿ.ಬಿ. ಡೇಟಾ ಬೇಕಾಗುವುದರಿಂದ ಫೋನಿನ ಹಾಟ್‌ಸ್ಪಾಟ್ ನೆಚ್ಚಬೇಡಿ.

9. ಮದುವೆ ಸೀಸನ್ ಮುಗಿದ ಮೇಲೆ ದಿನ ಇಟ್ಟುಕೊಂಡೆವು. ನೇರವಾಗಿ ಏರಿಸಿದರೆ ಸಾಮಾನ್ಯವಾಗಿ 10 ದಿನದೊಳಗೆ ಹಳೆಯದಕ್ಕೆ ವಾಪಸು ಬರುವ ಅವಕಾಶ ಇರುತ್ತದೆ. ಆ 10 ದಿನದಲ್ಲಿ ಪ್ರಿಂಟರ್, ಸ್ಕ್ಯಾನರ್, ನುಡಿ, ಟ್ಯಾಲಿ ಎಲ್ಲ ಬಳಸಿ ನೋಡಬೇಕು. ‘ಜಾಗ ಖಾಲಿ ಮಾಡಿ’ ಎಂದು ಹಳೆಯ ವಿಂಡೋಸ್ ಫೋಲ್ಡರ್ ಅಳಿಸಬಾರದು.

ವಿಂಡೋಸ್ 11 ಹಿಡಿಸದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಲೇಬೇಕೆಂದಿಲ್ಲ. ಉಚಿತವಾದ ಲಿನಕ್ಸ್ ಹಾಕಬಹುದು. ಅದರಲ್ಲಿ ಕನ್ನಡ ಚೆನ್ನಾಗಿ ಮೂಡುತ್ತದೆ. ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಫಾಂಟುಗಳಿವೆ, ನುಡಿಯ ಮಾದರಿಯ ಕೀಲಿಮಣೆಯೂ ಸಿಗುತ್ತದೆ. ಪೇಜ್‌ಮೇಕರ್, ಟ್ಯಾಲಿ ಅದರಲ್ಲಿ ಸಲೀಸಾಗಿ ಓಡುವುದಿಲ್ಲ ಎಂಬುದನ್ನು ತಿಳಿದು ನಿರ್ಧರಿಸಿ. ಹಾಗೂ ಆಗದಿದ್ದರೆ ಇಂಟರ್‌ನೆಟ್ ತೆಗೆದು, ಹಳೆಯ ಫೈಲು ತೆರೆಯಲೆಂದೇ ಒಂದು ಮೂಲೆಯಲ್ಲಿ ಇಟ್ಟುಕೊಳ್ಳಿ.

ಕಂಪ್ಯೂಟರ್ ಇಲ್ಲದವರಿಗೂ ಒಂದು ಮಾತು

‘ನಮ್ಮ ಹತ್ತಿರ ಫೋನ್ ಮಾತ್ರ ಇದೆ, ನಮಗೇನು?’ ಅನ್ನಬೇಡಿ. ನಿಮ್ಮ ಕಾಗದ ಬೇರೆಯವರ ಕಂಪ್ಯೂಟರಿನಲ್ಲಿ ಇದೆ. ಸ್ವಸಹಾಯ ಸಂಘದ ಠರಾವು, ದೇವಸ್ಥಾನ ಸಮಿತಿಯ ಲೆಕ್ಕ, ಅಜ್ಜನ ನುಡಿನಮನ, ಭಾಗಪತ್ರದ ಕರಡು ಎಲ್ಲವೂ ಯಾವುದೋ ಅಂಗಡಿಯ ‘ಸಿ’ ಡ್ರೈವ್‌ನಲ್ಲಿ ಮಲಗಿವೆ. ಈ ವಾರ ಆ ಕಡೆ ಹೋದಾಗ ಒಂದು ಮಾತು ಕೇಳಿ: "ಅಣ್ಣ, ನಮ್ಮ ಫೈಲು ಇನ್ನೂ ಐತಾ? ಒಂದು ಪಿಡಿಎಫ್ ಕಳಿಸ್ತೀರಾ?" ಅಷ್ಟು ಸಾಕು. ಬಂದ ಮೇಲೆ ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ.

ಸಿರುಗುಪ್ಪದ ಅಣ್ಣನ ಕಂಪ್ಯೂಟರಿಗೆ ಇನ್ನೂ ವಿಂಡೋಸ್ 11 ಹಾಕಿಲ್ಲ. ನೋಡಿದರೆ ಅದು 32-ಬಿಟ್. ಅವತ್ತು ಯಾರಾದರೂ ಪರಿಚಯದವರನ್ನು ಕರೆಸಿ ‘ಹಾಕಿಬಿಡು’ ಅಂದಿದ್ದರೆ ಮೇಷ್ಟ್ರ ಪುಸ್ತಕ ಹೋಗುತ್ತಿತ್ತು. ಈಗ ಅದು ಮೂರು ಕಡೆ ಇದೆ. ಮೇಷ್ಟ್ರ ಮೊಮ್ಮಗಳ ಫೋನಿಗೆ ಪಿಡಿಎಫ್ ಕಳಿಸಿದೆವು. ರಾತ್ರಿ ಒಂದು ಧ್ವನಿ ಸಂದೇಶ ಬಂತು. ಮನೆಯವರೆಲ್ಲ ಕೂತು ಮೊದಲ ಅಧ್ಯಾಯ ಗಟ್ಟಿಯಾಗಿ ಓದುತ್ತಿದ್ದರು.

ನಮ್ಮ 11 ಪುಟಗಳನ್ನೂ ಈಗ ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡುತ್ತಿದ್ದೇವೆ. 2009ರ ನೆರೆಯ ರಾತ್ರಿ ನೆನಪಿರುವವರು ನಿಮ್ಮ ಮನೆಯಲ್ಲಿ ಇದ್ದರೆ ತಿಳಿಸಿ, ನಾವು ಬರುತ್ತೇವೆ. ಈ ಸಲ ಬರೆದದ್ದರ ಒಂದು ಪ್ರತಿ ನಿಮ್ಮ ಕೈಗೇ ಕೊಟ್ಟು ಬರುತ್ತೇವೆ.